ಹೆಸರು ಕೇಳದ ಫಾರ್ಮಿನಲ್ಲಿ ಹೆಸರು ಸಿಕ್ಕಿದ್ದು

ಕಳೆದ ವರ್ಷದ ಜುಲೈ ತಿಂಗಳ ಒಂದು ಶನಿವಾರ, ಕಾಸರಗೋಡು ಜಿಲ್ಲೆಯ ನಮ್ಮ ಶಾಲೆಯ ಕನ್ನಡ ಡಿವಿಷನ್ನಿನ ಪಿಟಿಎ (ಪೋಷಕ-ಶಿಕ್ಷಕ ಸಂಘ) ಸಭೆಯಲ್ಲಿ, ನಾನು ಪ್ರೊಜೆಕ್ಟರಿನ ಬಳಿ ನಿಂತು ಮಕ್ಕಳ ಸಮೀಕ್ಷೆಯೊಂದರ ಫಲಿತಾಂಶವನ್ನು ತೋರಿಸುತ್ತಿದ್ದೆ. ಹೊರಗೆ ಜೋರು ಮಳೆ. ಹೆಂಚಿನ ಮೇಲೆ ಬೀಳುವ ನೀರಿನ ಸದ್ದಿಗೆ ನನ್ನ ಮಾತು ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲವಾದ್ದರಿಂದ, ಹೇಳುವುದಕ್ಕಿಂತ ತೋರಿಸುವುದೇ ಸುಲಭವೆಂದು ಭಾವಿಸಿ, ಫಲಿತಾಂಶದ ವೃತ್ತಚಿತ್ರಗಳು (ಪೈ ಚಾರ್ಟುಗಳು) ಮುಗಿದೊಡನೆ ಉತ್ತರಗಳೆಲ್ಲ ಇದ್ದ ಗೂಗಲ್ ಶೀಟನ್ನೇ ಪರದೆಯ ಮೇಲೆ ತೆರೆದೆ. 'ಮನೆಯಲ್ಲಿ ಓದಲು ಅಡ್ಡಿಯಾಗುವ ಸಂಗತಿ ಯಾವುದು?' ಎಂಬ ಪ್ರಶ್ನೆಗೆ ಮಕ್ಕಳು ಕರೆಂಟು ಹೋಗುವುದು, ತಮ್ಮನ ಉಪದ್ರ, ಅಡಿಕೆ ಸುಲಿಯುವ ಕೆಲಸ ಎಂದೆಲ್ಲ ಬರೆದಿದ್ದರು. ಅವುಗಳ ನಡುವೆ ಒಂದು ಉತ್ತರ ಹೀಗಿತ್ತು: 'ಪಾಲು ಆಗಬೇಕು ಹೇಳಿ ಅಪ್ಪನೂ ದೊಡ್ಡಪ್ಪನೂ ರಾತ್ರಿ ಗಲಾಟೆ ಮಾಡುತ್ತಾರೆ. ಆಗ ಓದಲಿಕ್ಕೆ ಆಗುವುದಿಲ್ಲ.'

ಫಾರ್ಮಿನಲ್ಲಿ ನಾನು ಹೆಸರು ಕೇಳಿರಲಿಲ್ಲ. 'ನೀವು ಯಾರೆಂದು ಯಾರಿಗೂ ತಿಳಿಯುವುದಿಲ್ಲ, ಧೈರ್ಯವಾಗಿ ಬರೆಯಿರಿ' ಎಂಬ ವಾಕ್ಯ ಅದರ ತಲೆಯಲ್ಲೇ ಇತ್ತು, ಬರೆದವನು ನಾನೇ. ಆದರೆ ಅದೇ ಅಡ್ಡಸಾಲಿನ ಎಡಭಾಗದಲ್ಲಿ, ನಾನು ಕೇಳಿದ್ದರಿಂದಲೇ, ಒಂಬತ್ತನೆಯ ತರಗತಿ, ಹುಡುಗಿ, ಮನೆಮಾತು ಹವ್ಯಕ, ಶಾಲೆಗೆ ಬರುವುದು ಜೀಪಿನಲ್ಲಿ ಎಂಬ ನಾಲ್ಕು ವಿವರಗಳಿದ್ದವು. 27 ಮಕ್ಕಳ ಒಂದು ತರಗತಿಯಲ್ಲಿ ಈ ನಾಲ್ಕೂ ಕೂಡಿಬರುವ ಮಗು ಒಬ್ಬಳೇ. ವಿವರಗಳನ್ನು ಬಿಡಿ, 'ಎಂದು' ಎಂಬಲ್ಲಿ 'ಹೇಳಿ' ಎಂದು ಬರೆದ ಆ ಒಂದು ಪದವೇ ನಮ್ಮ ಕಡೆಯವರಿಗೆ ಯಾವ ಮನೆಯ ಮಗುವೆಂದು ಊಹಿಸಲು ಸಾಕು. ಅವಳ ತಾಯಿ ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಪರದೆಯನ್ನು ನೋಡಿ, ಮಡಿಲಲ್ಲಿದ್ದ ಒದ್ದೆ ಕೊಡೆಯ ಗುಂಡಿಯನ್ನು ಹಾಕಿ ಬಿಚ್ಚಿ ಹಾಕಿ ಬಿಚ್ಚಿ ಮಾಡಲಾರಂಭಿಸಿದರು. ಅವರಿಗಿಂತ ಎರಡು ಬೆಂಚು ಹಿಂದೆ ಆ ಹುಡುಗಿಯ ದೊಡ್ಡಮ್ಮ ಕುಳಿತಿದ್ದರು, ಅವರ ಮಗ ಎಂಟನೆಯ ತರಗತಿಯಲ್ಲಿದ್ದ. ನನಗೆ ಇದೆಲ್ಲ ಹೊಳೆದದ್ದು ಆ ಕೊಡೆಯನ್ನು ನೋಡಿದ ಮೇಲೆ.

ಸಭೆ ಮುಗಿದು ಎಲ್ಲರೂ ಹೋದ ಬಳಿಕ ತಾಯಿ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಮಾತು: "ಹೆಸರು ಬರೀಲಿಕ್ಕೆ ಇಲ್ಲ ಅಂತ ನೀವೇ ಹೇಳಿದ್ದಲ್ವಾ ಮಾಷ್ಟ್ರೇ?" ಸೋಮವಾರವೂ ಮಂಗಳವಾರವೂ ಹುಡುಗಿ ಶಾಲೆಗೆ ಬರಲಿಲ್ಲ.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ವರ್ಷದಿಂದ ಈ ವಿಷಯದಲ್ಲಿ ಓದಿದ್ದನ್ನೂ, ಫಾರ್ಮನ್ನು ಹಲವು ಸಲ ತಿದ್ದುತ್ತ ಕಲಿತದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ನನ್ನಂತೆಯೇ ವಾರಕ್ಕೊಂದು ಗೂಗಲ್ ಫಾರ್ಮ್ ಕಳಿಸುವ ಅಧ್ಯಾಪಕರು ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಬಹಳ ಮಂದಿ ಇದ್ದಾರೆ.

ಮೊದಲಿಗೆ ಪದಗಳ ವಿಷಯ. ನಾವು 'ಗೌಪ್ಯತೆ' ಎಂಬ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ತುಂಬಿಸುತ್ತೇವೆ. ಉತ್ತರಿಸಿದವರು ಯಾರೆಂದು ಕೇಳಿದವನಿಗೂ ಗೊತ್ತಾಗದಿದ್ದರೆ ಅದು ಅನಾಮಧೇಯ. ಕೇಳಿದವನಿಗೆ ಗೊತ್ತಿದ್ದು ಅಥವಾ ಗೊತ್ತಾಗುವ ಸಾಧ್ಯತೆಯಿದ್ದು, ಅವನು ಅದನ್ನು ಬೇರೆಯವರಿಗೆ ಬಿಟ್ಟುಕೊಡದಿದ್ದರೆ ಅದು ಗೋಪ್ಯ. ಅಪ್ಪ ದೊಡ್ಡಪ್ಪಂದಿರ ಪಾಲುಪಟ್ಟಿಯ ಜಗಳವನ್ನು ಮಾಷ್ಟ್ರು ಕೇಳಲೇಬೇಕಾಗಿತ್ತೇ ಎಂಬ ಪ್ರಶ್ನೆ ಇವೆರಡಕ್ಕೂ ಮೊದಲಿನದು, ಅದು ಖಾಸಗಿತನಕ್ಕೆ ಸೇರಿದ್ದು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಮೂಲಭೂತ ಹಕ್ಕೆಂದು ಸಾರಿದ್ದು ಈ ಖಾಸಗಿತನವನ್ನು. ನಾನು ಮಕ್ಕಳಿಗೆ ಕೊಟ್ಟದ್ದು ಅನಾಮಧೇಯತೆಯ ಮಾತು. ನನ್ನಿಂದ ಉಳಿಸಿಕೊಳ್ಳಲು ಸಾಧ್ಯವಿದ್ದದ್ದು ಗೋಪ್ಯದ ಮಾತು ಮಾತ್ರ. ಅದನ್ನೂ ನಾನು ಪರದೆಯ ಮೇಲೆ ಮುರಿದೆ.

ಹೆಸರು ತೆಗೆದರೆ ಗುರುತು ಅಳಿಯುತ್ತದೆಂಬ ನಂಬಿಕೆ ಎಷ್ಟು ಪೊಳ್ಳೆಂಬುದನ್ನು 1990ರ ದಶಕದಲ್ಲಿಯೇ ಲಟಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ ಅಮೆರಿಕದಲ್ಲಿ ತೋರಿಸಿದ್ದರು. ಮ್ಯಾಸಚೂಸೆಟ್ಸ್ ರಾಜ್ಯದ ಸರಕಾರಿ ನೌಕರರ ಆಸ್ಪತ್ರೆಯ ದಾಖಲೆಗಳನ್ನು ಹೆಸರು ಅಳಿಸಿ ಸಂಶೋಧಕರಿಗೆ ಕೊಡಲಾಗಿತ್ತು. ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಡ್ಜ್ ನಗರದ ಮತದಾರರ ಪಟ್ಟಿಯನ್ನು ಕೊಂಡು ಎರಡನ್ನೂ ಜೋಡಿಸಿ ನೋಡಿದರು. ಆಗಿನ ಗವರ್ನರ್ ವಿಲಿಯಂ ವೆಲ್ಡ್ ಅವರ ಜನ್ಮದಿನಾಂಕವಿದ್ದವರು ಆ ನಗರದಲ್ಲಿ ಆರು ಮಂದಿ, ಅವರಲ್ಲಿ ಗಂಡಸರು ಮೂವರು, ಗವರ್ನರರ ಪಿನ್‌ಕೋಡಿನಲ್ಲಿದ್ದವರು ಒಬ್ಬರೇ. ಹೆಸರಿಲ್ಲದ ದಾಖಲೆಯಲ್ಲಿ ಗವರ್ನರರ ಕಾಯಿಲೆ ಸಿಕ್ಕಿತು. ನಮ್ಮೂರಿನಲ್ಲಿ ಇಂಥ ಕೆಲಸಕ್ಕೆ ಮತದಾರರ ಪಟ್ಟಿಯನ್ನು ಕೊಳ್ಳುವ ಖರ್ಚೂ ಇಲ್ಲ, ಬಸ್‌ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತರೆ ಸಾಕಾಗುತ್ತದೆ.

ಇಲ್ಲಿಯ ಕನ್ನಡ ಡಿವಿಷನ್ನುಗಳ ಕಷ್ಟ ಇರುವುದೇ ಈ ಸಣ್ಣ ಸಂಖ್ಯೆಯಲ್ಲಿ. ನಮ್ಮ ಶಾಲೆಯ ಮಲಯಾಳ ಡಿವಿಷನ್ನುಗಳಲ್ಲಿ 'ಹುಡುಗಿ, ಒಂಬತ್ತನೆಯ ತರಗತಿ' ಎಂದರೆ ಅರುವತ್ತು ಎಪ್ಪತ್ತು ಮಂದಿಯ ನಡುವೆ ಒಬ್ಬಳು ಮರೆಯಾಗಬಹುದು. ನಮ್ಮಲ್ಲಿ ಅವೇ ಎರಡು ವಿವರಗಳಿಗೆ ಹದಿಮೂರು ಮಂದಿ ಉಳಿಯುತ್ತಾರೆ. ಮನೆಮಾತನ್ನು ಸೇರಿಸಿದರೆ ಮೂವರು, ಇಬ್ಬರು, ಒಬ್ಬರು. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಂದು ಏಳು ಭಾಷೆಗಳ ನಾಡೆಂದು ಭಾಷಣಗಳಲ್ಲಿ ನಾವು ಹೆಮ್ಮೆಪಡುತ್ತೇವಲ್ಲ, ಆ ಏಳು ಭಾಷೆಗಳು ಸಮೀಕ್ಷೆಯ ಫಾರ್ಮಿನಲ್ಲಿ ಏಳು ಜರಡಿಗಳಾಗುತ್ತವೆ. ಇನ್ನೂ ಒಂದು ಮಾತನ್ನು ಹೇಳಬೇಕು: ನಮ್ಮ ಜಿಲ್ಲೆಯಲ್ಲಿ ಮನೆಮಾತು ಯಾವುದೆಂದು ಕೇಳುವುದು ಎಷ್ಟೋ ಸಲ ಜಾತಿ ಮತಗಳನ್ನು ಹಿತ್ತಿಲ ಬಾಗಿಲಿನಿಂದ ಕೇಳಿದಂತೆಯೇ ಸರಿ. ಭಾಷಾ ಕಲಿಕೆಯ ಬಗ್ಗೆ ಸಮೀಕ್ಷೆ ನಡೆಸುವವನಿಗೆ ಅದು ಬೇಕಾದೀತು. ಓದುವ ಸಮಯದ ಬಗ್ಗೆ ಕೇಳುತ್ತಿದ್ದ ನನಗೆ ಅದು ಏಕೆ ಬೇಕಿತ್ತು ಎಂದು ಈಗ ಯೋಚಿಸಿದರೆ, ಹಿಂದಿನ ವರ್ಷದ ಫಾರ್ಮಿನಲ್ಲಿ ಇತ್ತು, ಕಾಪಿ ಮಾಡಿದಾಗ ಬಂದುಬಿಟ್ಟಿತು, ಅಷ್ಟೇ.

ಅಂಕಿ ಅಂಶಗಳನ್ನು ಪ್ರಕಟಿಸುವವರಲ್ಲಿ ಐದು ಅಥವಾ ಹತ್ತಕ್ಕಿಂತ ಕಡಿಮೆ ಮಂದಿಯಿರುವ ಗುಂಪಿನ ಲೆಕ್ಕವನ್ನು ಬಿಡಿಯಾಗಿ ತೋರಿಸದಿರುವ ರೂಢಿಯಿದೆ. ನಾನೂ ಅದನ್ನು ಪಾಲಿಸಲು ಹೊರಟಾಗ ಒಂದು ಸಣ್ಣ ಪೆದ್ದುತನ ಮಾಡಿದೆ. ಒಟ್ಟು 27 ಮಂದಿ, ಬಸ್ಸಿನವರು 16, ನಡೆದು ಬರುವವರು 9 ಎಂದು ಬರೆದು, ಜೀಪಿನವರ ಜಾಗದಲ್ಲಿ ನಕ್ಷತ್ರ ಹಾಕಿದೆ. ಐದನೆಯ ತರಗತಿಯ ಮಗುವೂ ಕಳೆದು 2 ಎಂದು ಹೇಳೀತು. ಒಂದನ್ನು ಮುಚ್ಚಬೇಕಾದರೆ ಇನ್ನೊಂದನ್ನೂ ಮುಚ್ಚಬೇಕು ಅಥವಾ ಎರಡು ಗುಂಪುಗಳನ್ನು ಸೇರಿಸಿ 'ವಾಹನದಲ್ಲಿ ಬರುವವರು 18' ಎನ್ನಬೇಕು. ಗುಂಪು ದೊಡ್ಡದಾಗಿದ್ದರೂ ಅದರಲ್ಲಿರುವ ಎಲ್ಲರೂ ಒಂದೇ ಉತ್ತರ ಕೊಟ್ಟಿದ್ದರೆ ಹೆಸರು ಮುಚ್ಚಿ ಪ್ರಯೋಜನವಿಲ್ಲ. ಏಕೆಂದರೆ ಆ ಗುಂಪಿನಲ್ಲಿ ಇದ್ದಾನೆಂದು ತಿಳಿದ ಮಾತ್ರಕ್ಕೆ ಅವನ ಉತ್ತರವೂ ತಿಳಿದಂತಾಗುತ್ತದೆ.

ಇನ್ನು ಫಾರ್ಮಿನೊಳಗಿನ ವಿಷಯ. ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಶೀಟಿನ ಮೊದಲ ಕಂಬಸಾಲು. ಉತ್ತರ ಬಂದ ದಿನಾಂಕ, ಗಂಟೆ, ನಿಮಿಷ, ಸೆಕೆಂಡುಗಳನ್ನು ಗೂಗಲ್ ಫಾರ್ಮ್ ಕೇಳದೆಯೇ ಅಲ್ಲಿ ದಾಖಲಿಸುತ್ತದೆ. ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವ ಯಂತ್ರಗಳು ಆರು. ಮಕ್ಕಳನ್ನು ನಾನು ಹಾಜರಿ ಪುಸ್ತಕದ ಕ್ರಮದಲ್ಲಿ, ಒಂದರಿಂದ ಆರು, ಏಳರಿಂದ ಹನ್ನೆರಡು ಎಂದು ಕರೆದಿದ್ದೆ. 10:42ರಿಂದ 10:51ರೊಳಗೆ ಬಂದ ಆರು ಉತ್ತರಗಳು ಯಾರವೆಂದು ತಿಳಿಯಲು ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡರೆ ಸಾಕಾಗಿತ್ತು. ಆ ಕಂಬಸಾಲನ್ನು ಅಳಿಸಿದರೆ ಮುಗಿಯಿತೆಂದುಕೊಂಡವನಿಗೆ ತಿಳಿದ ಇನ್ನೊಂದು ಸಂಗತಿಯೆಂದರೆ, ಶೀಟಿನ ಹಳೆಯ ಆವೃತ್ತಿಗಳು ವರ್ಷನ್ ಹಿಸ್ಟರಿಯಲ್ಲಿ ಹಾಗೆಯೇ ಉಳಿಯುತ್ತವೆ, ತಿದ್ದುವ ಅನುಮತಿಯಿರುವ ಯಾರು ಬೇಕಾದರೂ ಹಿಂದಕ್ಕೆ ಹೋಗಿ ನೋಡಬಹುದು. ಆದ್ದರಿಂದ ಈಗ ನಾನು ಮೂಲ ಶೀಟನ್ನು ಯಾರೊಂದಿಗೂ ಹಂಚಿಕೊಳ್ಳುವುದಿಲ್ಲ. ಬೇಕಾದ ಕಂಬಸಾಲುಗಳನ್ನಷ್ಟೇ ಹೊಸ ಫೈಲಿಗೆ ತೆಗೆದುಕೊಂಡು, ಅಡ್ಡಸಾಲುಗಳ ಕ್ರಮವನ್ನು ಕಲಕಿ, ಅದನ್ನು ಮಾತ್ರ ಕೊಡುತ್ತೇನೆ.

ಒಬ್ಬರಿಗೆ ಒಂದೇ ಉತ್ತರ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು. ಇಮೇಲ್ ಸಂಗ್ರಹಿಸುವ ಆಯ್ಕೆ ಆಫ್ ಆಗಿದ್ದರೆ ವಿಳಾಸ ನನಗೆ ಬರುವುದಿಲ್ಲ, ಅದು ನಿಜ. ಆದರೆ ಫಾರ್ಮಿನ ತಲೆಯಲ್ಲಿ ಅಪ್ಪನ ಇಮೇಲ್ ವಿಳಾಸವನ್ನು ಕಂಡ ಮಗುವಿಗೆ ಆ ನಿಜ ತಿಳಿಯುವುದು ಹೇಗೆ? ಮನೆಯಲ್ಲಿ ಇರುವುದು ಒಂದೇ ಫೋನು, ಅದು ಅಪ್ಪನದು. ಅಕ್ಕ ಉತ್ತರಿಸಿದ ಮೇಲೆ ತಂಗಿಗೆ ಫಾರ್ಮ್ ತೆರೆಯುವುದೂ ಇಲ್ಲ. ಫಲಿತಾಂಶದ ಸಾರಾಂಶವನ್ನು ಉತ್ತರಿಸಿದವರಿಗೂ ತೋರಿಸುವ ಇನ್ನೊಂದು ಆಯ್ಕೆಯಿದೆ. ಅದು ಆನ್ ಆಗಿದ್ದರೆ ಚಿತ್ರಗಳ ಜೊತೆಗೆ ಮಕ್ಕಳು ಬರೆದ ವಾಕ್ಯಗಳೂ ಎಲ್ಲರಿಗೂ ಕಾಣುತ್ತವೆ. ಕಂಪ್ಯೂಟರಿನಲ್ಲಿ ಚುರುಕಾಗಿದ್ದ ಇಬ್ಬರು ಮಕ್ಕಳನ್ನು ಸಹಾಯಕ್ಕೆಂದು ಫಾರ್ಮಿಗೆ ಸೇರಿಸಿಕೊಂಡವನೂ ನಾನೇ. ತಮ್ಮ ತರಗತಿಯವರ ಉತ್ತರಗಳನ್ನೆಲ್ಲ ಅವರು ಓದಬಹುದಿತ್ತು. ಓದಿರಲಿಕ್ಕಿಲ್ಲ ಎಂದು ನಂಬಿದ್ದೇನೆ, ಆದರೆ ಆ ನಂಬಿಕೆಯನ್ನು ಬೇರೆ ಮಕ್ಕಳ ಪರವಾಗಿ ಇಟ್ಟುಕೊಳ್ಳುವ ಅಧಿಕಾರ ನನಗಿರಲಿಲ್ಲ.

ಕಾಗದದ ಕಾಲಕ್ಕೆ ಹೋಲಿಸಿದರೆ ಆನ್‌ಲೈನಿನಲ್ಲಿ ಒಂದು ಲಾಭವಿದೆಯೆಂಬುದನ್ನು ಒಪ್ಪಬೇಕು. ಹಿಂದೆ ವರಾಂಡದಲ್ಲಿ ಇಡುತ್ತಿದ್ದ ಅಭಿಪ್ರಾಯ ಪೆಟ್ಟಿಗೆಯ ಚೀಟಿಗಳನ್ನು ತೆರೆದಾಗ ಅಕ್ಷರ ನೋಡಿಯೇ ಯಾರದೆಂದು ನನಗೆ ಗೊತ್ತಾಗುತ್ತಿತ್ತು. ಈಗ ಅಕ್ಷರ ಮರೆಯಾಗಿದೆ, ಮಾತಿನ ಧಾಟಿ ಮಾತ್ರ ಉಳಿದಿದೆ. ಹಾಗಾಗಿ ಬರೆಯುವ ಪ್ರಶ್ನೆಗಳನ್ನು ನಾನು ಆದಷ್ಟು ಕಡಿಮೆ ಮಾಡಿದ್ದೇನೆ. ಬಂದ ವಾಕ್ಯಗಳನ್ನು ಯಥಾವತ್ತಾಗಿ ಎಲ್ಲಿಯೂ ಉದ್ಧರಿಸದೆ, 'ಮನೆಯೊಳಗಿನ ಗದ್ದಲದಿಂದ ತೊಂದರೆಯೆಂದವರು ಏಳು ಮಂದಿ' ಎಂಬಂತೆ ನನ್ನ ಮಾತಿನಲ್ಲಿ ಹೇಳುತ್ತೇನೆ.

ಒಪ್ಪಿಗೆಯ ವಿಷಯಕ್ಕೆ ಬಂದರೆ, ಗಡಿನಾಡಿನವರಾದ ನಮ್ಮ ಹಳೆಯ ತಕರಾರು ಇಲ್ಲಿಯೂ ಎದುರಾಗುತ್ತದೆ. ಹೊರಗಿನಿಂದ ಬರುವ ಸಮೀಕ್ಷೆಗಳ ಒಪ್ಪಿಗೆ ಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರುತ್ತವೆ. ಮಲಯಾಳ ಓದಲು ಬಾರದ ತಂದೆತಾಯಿಗಳು 'ಮಾಷ್ಟ್ರು ಕಳಿಸಿದ್ದು' ಎಂಬ ಒಂದೇ ಕಾರಣಕ್ಕೆ ಸಹಿ ಹಾಕಿ ಕಳಿಸುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಒಪ್ಪಿಗೆ ಕೇಳುವ ಮಾತು ಸರಳವಾಗಿರಬೇಕು, ಅದನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶವಿರಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ತುಳುವೂ ಬ್ಯಾರಿಯೂ ಇಲ್ಲ. ಅದೇ ಕಾಯಿದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಅವರ ದತ್ತಾಂಶವನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕು, ಅದು ಹೆತ್ತವರದೇ ಎಂದು ಖಚಿತಪಡಿಸಿಕೊಳ್ಳುವಂತಿರಬೇಕು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂಥವು. ಸಂಶೋಧನೆಗೂ ಅಂಕಿ ಅಂಶಗಳ ಸಂಗ್ರಹಕ್ಕೂ ಕಾಯಿದೆಯಲ್ಲಿ ವಿನಾಯಿತಿಯಿದೆ, ಆದರೆ ಸಂಗ್ರಹಿಸಿದ್ದನ್ನು ಆಯಾ ವ್ಯಕ್ತಿಯ ಬಗ್ಗೆ ತೀರ್ಮಾನ ಕೈಗೊಳ್ಳಲು ಬಳಸಬಾರದೆಂಬ ಷರತ್ತಿನ ಮೇಲೆ. ಸಮೀಕ್ಷೆಯ ಉತ್ತರವನ್ನು ನೋಡಿ ಒಬ್ಬ ಹುಡುಗನನ್ನು ಸ್ಟಾಫ್ ರೂಮಿಗೆ ಕರೆಸುವ ಅಭ್ಯಾಸವಿರುವ ನಾವು ಈ ಷರತ್ತನ್ನು ಎರಡು ಸಲ ಓದಿಕೊಳ್ಳುವುದು ಒಳ್ಳೆಯದು.

ಕಾಯಿದೆ ಬರುವ ಮೊದಲೇ ನಮ್ಮ ಜಿಲ್ಲೆಯ ಜನ ಈ ಪಾಠವನ್ನು ಬೇರೆ ರೀತಿಯಲ್ಲಿ ಕಲಿತಿದ್ದಾರೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಮನೆಮನೆಗೆ ಪ್ರಶ್ನಾವಳಿ ಹಿಡಿದವರೂ ಕ್ಯಾಮರಾ ಹಿಡಿದವರೂ ಬಂದುಹೋಗಿದ್ದಾರೆ. ರೋಗಪೀಡಿತ ಮಕ್ಕಳ ಮುಖಗಳು ಪತ್ರಿಕೆಗಳಲ್ಲಿ, ಪೋಸ್ಟರುಗಳಲ್ಲಿ ಬಂದವು. 2011ರ ನಿಷೇಧಕ್ಕೆ ಆ ಚಿತ್ರಗಳೂ ದಾರಿಮಾಡಿದವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕಡೆಯ ಹಿರಿಯರೊಬ್ಬರಲ್ಲಿ ಮೊಮ್ಮಗಳ ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದಾಗ ಅವರು ಕನ್ನಡಕ ಹಾಕಿ, ಎರಡು ಪುಟಗಳನ್ನೂ ನಿಧಾನವಾಗಿ ಓದಿ, "ಬರೆದುಕೊಂಡು ಹೋದವರು ಎಷ್ಟೋ ಮಂದಿ, ಬರೆದದ್ದು ಎಲ್ಲಿಗೆ ಹೋಯಿತೆಂದು ಬಂದು ಹೇಳಿದವರು ಯಾರೂ ಇಲ್ಲ" ಎಂದರು. ಅಂದಿನಿಂದ ನನ್ನ ಒಪ್ಪಿಗೆ ಪತ್ರದಲ್ಲಿ ಉತ್ತರಗಳು ಎಲ್ಲಿ ಇರುತ್ತವೆ, ಯಾರು ನೋಡುತ್ತಾರೆ, ಯಾವ ತಿಂಗಳಲ್ಲಿ ಅಳಿಸಲಾಗುತ್ತದೆ ಎಂಬ ಮೂರು ವಾಕ್ಯಗಳು ಮೊದಲಿಗೆ ಬರುತ್ತವೆ.

ಒಪ್ಪಿಗೆಯೆಂದರೆ ಬೇಡವೆನ್ನುವ ಅವಕಾಶವೂ ಹೌದು. ವಾಟ್ಸಾಪ್ ಗುಂಪಿನಲ್ಲಿ 'ಎಲ್ಲರೂ ಇವತ್ತೇ ತುಂಬಿಸಿ' ಎಂದು ಸೂಚನೆ ಬರುತ್ತದೆ. ಸಂಜೆ 'ಇನ್ನೂ ತುಂಬಿಸದವರು' ಎಂದು ಹೆಸರುಗಳ ಪಟ್ಟಿಯೇ ಬರುತ್ತದೆ. ಫಾರ್ಮ್ ನಿಜವಾಗಿ ಅನಾಮಧೇಯವಾಗಿದ್ದರೆ ಆ ಪಟ್ಟಿಯನ್ನು ಮಾಡುವುದು ಹೇಗೆಂದು ಯಾವ ಮಗುವೂ ಕೇಳುವುದಿಲ್ಲ, ಅದಕ್ಕೆ ಅರ್ಥವಾಗಿರುತ್ತದೆ.

ಗೋಪ್ಯಕ್ಕೂ ಒಂದು ಮೇರೆಯಿದೆ. 2012ರ ಪೋಕ್ಸೊ ಕಾಯಿದೆಯ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಶಿಕ್ಷಾರ್ಹ. 'ಯಾರಿಗೂ ಹೇಳುವುದಿಲ್ಲ' ಎಂದು ಮಾತುಕೊಟ್ಟು ಅಂಥದ್ದನ್ನು ಬರೆಸಿಕೊಂಡ ಅಧ್ಯಾಪಕ ಆ ಮಾತನ್ನು ಮುರಿಯಲೇಬೇಕಾಗುತ್ತದೆ. ಫಾರ್ಮ್ ನಿಜಕ್ಕೂ ಅನಾಮಧೇಯವಾಗಿದ್ದರಂತೂ ಇನ್ನೂ ಕಷ್ಟ: ಒಂದು ಮಗು ಸಹಾಯ ಕೇಳುತ್ತಿದೆ, ಯಾವ ಮಗುವೆಂದು ಗೊತ್ತಿಲ್ಲ. ಅಂಥ ಪ್ರಶ್ನೆಗಳನ್ನು ಫಾರ್ಮಿನಲ್ಲಿ ಕೇಳಬಾರದೆಂಬುದು ನನ್ನ ನಿಲುವು. ಕೇಳದೆಯೂ ಬರೆಯುವವರು ಇರುತ್ತಾರೆಂಬ ಕಾರಣಕ್ಕೆ ಕೊನೆಯ ಪುಟದಲ್ಲಿ 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನೂ, ಶಾಲೆಯ ಕೌನ್ಸೆಲರ್ ಯಾವ ದಿನ ಎಲ್ಲಿ ಸಿಗುತ್ತಾರೆಂಬುದನ್ನೂ ಹಾಕಿದ್ದೇನೆ.

ಗುರುತನ್ನು ನಿಜವಾಗಿ ಮರೆಮಾಡುವ ಒಂದು ಸೊಗಸಾದ ಉಪಾಯವನ್ನು ನಾನು ಗಣಿತದ ತರಗತಿಯಲ್ಲಿ ಪ್ರಯೋಗಿಸಿ ನೋಡಿದೆ. ಇದರ ಮೂಲ ಕಲ್ಪನೆಯನ್ನು 1965ರಲ್ಲಿ ಪ್ರಕಟಿಸಿದವರು ಸ್ಟ್ಯಾನ್ಲಿ ವಾರ್ನರ್. ಅದರಿಂದ ಹುಟ್ಟಿದ ಒಂದು ಸರಳ ರೂಪ ಹೀಗಿದೆ. ಪ್ರತಿಯೊಬ್ಬರೂ ಯಾರಿಗೂ ಕಾಣದಂತೆ ನಾಣ್ಯ ಚಿಮ್ಮಬೇಕು. ಸಿಂಹ ಬಿದ್ದರೆ ಸತ್ಯವೇನೇ ಇರಲಿ 'ಹೌದು' ಎನ್ನಬೇಕು, ಅಂಕಿ ಬಿದ್ದರೆ ನಿಜ ಹೇಳಬೇಕು. 'ಪರೀಕ್ಷೆಯಲ್ಲಿ ನಕಲು ಮಾಡಿದ್ದೀರಾ?' ಎಂಬುದಕ್ಕೆ 'ಹೌದು' ಎಂದವನನ್ನು ಯಾರೂ ಹಿಡಿಯುವಂತಿಲ್ಲ, ಸಿಂಹ ಬಿದ್ದಿತ್ತು ಎಂದರೆ ಮುಗಿಯಿತು. ಎರಡು ತರಗತಿಗಳನ್ನು ಸೇರಿಸಿ 40 ಮಕ್ಕಳಲ್ಲಿ 26 'ಹೌದು' ಬಂದವು. ಸುಮಾರು 20 ನಾಣ್ಯದ ಪಾಲು. ಉಳಿದ 20 ಮಂದಿಯಲ್ಲಿ 6, ಅಂದರೆ ಶೇಕಡಾ 30. ಮಕ್ಕಳಿಗೆ ಬಹಳ ಖುಷಿಯಾಯಿತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, "ಸರ್, ಸಿಂಹ 20 ಸಲವೇ ಬಿದ್ದದ್ದು ಅಂತ ಯಾರು ಹೇಳಿದ್ದು?" ಎಂದು ಕೇಳಿದ. ಸಿಂಹ 16 ಸಲ ಬಿದ್ದಿದ್ದರೆ ಲೆಕ್ಕ ಶೇಕಡಾ 42ರ ಹತ್ತಿರಕ್ಕೆ ಏರುತ್ತದೆ, 24 ಸಲ ಬಿದ್ದಿದ್ದರೆ ಶೇಕಡಾ 12.5ಕ್ಕೆ ಇಳಿಯುತ್ತದೆ, 40 ನಾಣ್ಯಗಳಲ್ಲಿ ಇವೆರಡೂ ಅಪರೂಪವೇನಲ್ಲ. ಸಾವಿರಾರು ಮಂದಿಯ ಸಮೀಕ್ಷೆಗೆ ಹೊಂದುವ ಈ ಉಪಾಯ ನಮ್ಮ ಪುಟ್ಟ ಡಿವಿಷನ್ನಿಗೆ ಒದಗುವುದಿಲ್ಲ. ಯಾವ ಸಣ್ಣ ಸಂಖ್ಯೆ ಮಕ್ಕಳ ಗುರುತನ್ನು ಬಯಲು ಮಾಡುತ್ತದೆಯೋ ಅದೇ ಸಣ್ಣ ಸಂಖ್ಯೆ ಮದ್ದನ್ನೂ ಕೆಲಸ ಮಾಡಲು ಬಿಡುವುದಿಲ್ಲ.

ಈ ವರ್ಷದ ಫಾರ್ಮಿನ ತಲೆಯಲ್ಲಿ ಹೀಗೆ ಬರೆದಿದ್ದೇನೆ: 'ನಿಮ್ಮ ಉತ್ತರಗಳನ್ನು ನಾನೊಬ್ಬನೇ ಓದುತ್ತೇನೆ. ಬರೆದ ರೀತಿಯಿಂದ ನೀವು ಯಾರೆಂದು ನನಗೆ ಗೊತ್ತಾಗಲೂಬಹುದು. ಬೇರೆಯವರಿಗೆ ಒಟ್ಟು ಲೆಕ್ಕವನ್ನು ಮಾತ್ರ ಹೇಳುತ್ತೇನೆ. ಯಾವುದಾದರೂ ಮಗು ಅಪಾಯದಲ್ಲಿದೆ ಎಂದು ತಿಳಿದರೆ ಮಾತ್ರ ಸಹಾಯ ಮಾಡಬಲ್ಲವರಿಗೆ ತಿಳಿಸಬೇಕಾಗುತ್ತದೆ. ಬೇಡವಾದ ಪ್ರಶ್ನೆಯನ್ನು ಬಿಡಬಹುದು, ಇಡೀ ಫಾರ್ಮನ್ನೂ ಬಿಡಬಹುದು.' ಇದನ್ನು ಓದಿದ ಸಹೋದ್ಯೋಗಿಯೊಬ್ಬರು, ಹೀಗೆ ಹೆದರಿಸಿದರೆ ಯಾರು ಬರೆಯುತ್ತಾರೆ ಎಂದು ನಕ್ಕರು. ಅವರ ಮಾತಿನಲ್ಲಿ ಸತ್ಯವಿದೆ. ಮನೆಮಾತು, ವಾಹನ ಎರಡನ್ನೂ ಕೈಬಿಟ್ಟು, ತರಗತಿಯನ್ನೂ 'ಹೈಸ್ಕೂಲು' ಎಂದು ಒಂದೇ ಮಾಡಿ, ಲ್ಯಾಬಿನಲ್ಲಿ ಮಕ್ಕಳನ್ನು ಸಿಕ್ಕಿದ ಕ್ರಮದಲ್ಲಿ ಕೂರಿಸಿ, ನಾನು ಹೊರಗೆ ವರಾಂಡದಲ್ಲಿ ನಿಂತಿದ್ದೆ.

ಆ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಒಳಗೆ ಹೋಗುವ ಮೊದಲು ಬಾಗಿಲಿನಲ್ಲಿ ನಿಂತು, "ಸರ್, ಇದನ್ನು ಕೂಡ ಪಿಟಿಎಯಲ್ಲಿ ತೋರಿಸುವುದಾ?" ಎಂದು ಕೇಳಿದಳು. ಲೆಕ್ಕ ಮಾತ್ರ, ಬರೆದದ್ದನ್ನು ತೋರಿಸುವುದಿಲ್ಲ ಎಂದೆ. ತಲೆಯಾಡಿಸಿ ಒಳಗೆ ಹೋದಳು. ಮೂರೂ ತರಗತಿಗಳಿಂದ 81 ಮಕ್ಕಳು ಲ್ಯಾಬಿಗೆ ಹೋಗಿದ್ದರು, ಬಂದ ಉತ್ತರಗಳು 68. ಬರೆಯುವ ಪ್ರಶ್ನೆಯನ್ನು ಖಾಲಿ ಬಿಟ್ಟವರು 31 ಮಂದಿ. ಅವಳು ಈ 68ರಲ್ಲಿ ಇದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ.